ನಮ್ಮಿಬ್ಬರ ನಡುವ ಏನೂ ಬ್ಯಾಡ

ಉಡಿಕೆಯಾಗಿ, ಎರಡನೇ ಗಂಡನ ಮನೆಗೆ ಬಂದು ಹನ್ನೊಂದು ದಿನವಾಗಿತ್ತು, ರೇಣುಕಾಳ ಹತ್ತಿರ ನೆಪಗಳೆಲ್ಲ ಮುಗಿದುಹೋಗಿದ್ದವು. ಮೊದಲು ತಲೆನೋವು ಅಂದಳು. ಆಮೇಲೆ ಮೈಲಾರಲಿಂಗನಿಗೆ ಹರಕೆ ಅಂದಳು. ಆಮೇಲೆ ತಿಂಗಳ ಮುಟ್ಟು ತಾನಾಗಿಯೇ ಬಂದು ಐದು ದಿನ ಕಾಪಾಡಿತು. ಇವತ್ತು ಅತ್ತೆ ತಿಪ್ಪೇರುದ್ರಮ್ಮ ಬೆಳಗಿನ ಬಸ್ಸಿಗೇ ಮಗಳ ಊರು ಹಗರಿಬೊಮ್ಮನಹಳ್ಳಿಗೆ ಹೋಗಿದ್ದಳು. ಮಧ್ಯಾಹ್ನವೇ ಬಾಗಿಲಲ್ಲಿ ಗಂಡನ ಬೈಕ್ ಬಂದು ನಿಂತಿತು.

ರಾಮಾಂಜಿನಿ ಪಂಚರ್ ಅಂಗಡಿ ಮುಚ್ಚಿ ಬಂದಿದ್ದ. ಕೈಯಲ್ಲಿ ಮಂಡಕ್ಕಿ, ಬಿಸಿ ಮಿರ್ಚಿ. ಪುಣ್ಯಾತ್ಮ, ಮುಖಕ್ಕೆ ಪೌಡರ್ ಬೇರೆ ಹಚ್ಚಿದ್ದ.

"ಯಾಕ್ರಿ, ಇಷ್ಟು ಲಗೂನ ಬಂದ್ರಿ?"

"ಬರಬಾರದಿತ್ತೇನು? ವಾಪಸ್ ಹೋಗ್ಲೇನು?" ಅಂತ ಹುಬ್ಬು ಹಾರಿಸಿದ.

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಹೆದರಿಕೆಯೂ ಬಂತು.

ಒಂದೇ ಗಂಗಾಳಕ್ಕೆ ಮಂಡಕ್ಕಿ ಸುರಿದ. ಅವಳು ಕಚ್ಚಿಟ್ಟ ಮಿರ್ಚಿಯನ್ನೇ ಎತ್ತಿ, ಅವಳನ್ನೇ ನೋಡುತ್ತ ತಾನೂ ಕಚ್ಚಿದ. ಅವನದು ದಿನಾ ಹೀಗೇ. ರೇಣುಕಾಳ ಮೊದಲ ಗಂಡ ಲಾರಿ ಡ್ರೈವರ್. ಎಚ್‌ಐವಿ ತಂದು, ಅವಳಿಗೂ ಕೊಟ್ಟು ಸತ್ತಿದ್ದ. ಆ ಮನೆಯವರು ಅವಳ ತಾಟು ಬೇರೆ, ಲೋಟ ಬೇರೆ ಮಾಡಿ, ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದರು. ಇದನ್ನೆಲ್ಲ ಉಡಿಕೆಗೆ ಮುಂಚೆಯೇ ಅವಳು ಒಂದಕ್ಷರ ಬಿಡದೆ ರಾಮಾಂಜಿನಿಗೆ ಹೇಳಿದ್ದಳು. "ನನ್ನ ಮನಿಯಾಗ ನಿನಗ ಯಾವುದೂ ಬ್ಯಾರೆ ಇಲ್ಲ" ಅಂದಿದ್ದ ಅವನು. ಆ ಮಾತಿಗೇ ಅವಳು ಸೋತಿದ್ದಳು. ಈಗ ಆ ಮಾತೇ ಜೀವ ಹಿಂಡುತ್ತಿತ್ತು.

ಯಾಕಂದರೆ ಅವನದು ಯಾವುದೂ ಅಂದರೆ ಯಾವುದೂ! ಆಸ್ಪತ್ರೆಯ ಕೌನ್ಸೆಲರ್ ಗುರುಬಸಮ್ಮ ಕೊಟ್ಟ ನಿರೋಧ್ ಪೊಟ್ಟಣವನ್ನು ಎರಡನೇ ದಿನವೇ ಹಿತ್ತಲಿಗೆ ಎಸೆದಿದ್ದ. "ಅವರು ತಾಟು ಬ್ಯಾರೆ ಮಾಡಿದ್ರು, ನಾ ರಬ್ಬರ್ ಅಡ್ಡ ಇಡಲೇನು? ನಮ್ಮಿಬ್ಬರ ನಡುವ ಏನೂ ಬ್ಯಾಡ. ಬಂದದ್ದು ಬರ್ಲಿ." ಹುಚ್ಚಪ್ಪ! ಪ್ರೀತಿ ಅಂದುಕೊಂಡೇ ಗುಂಡಿಗೆ ಇಳಿಯಲು ಹೊರಟಿದ್ದ.

ಈಗ ಹತ್ತಿರ ಸರಿದು ಅವಳ ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತ ಕೇಳಿದ, "ಇವತ್ತು ತಲಿನೋವು ಐತೇನು?"

"ಇಲ್ಲ."

"ಮೈಲಾರಲಿಂಗಪ್ಪ ಏನಂತಾನ?"

ಅವಳು ತಟ್ಟನೆ ಎದ್ದಳು. ಟ್ರಂಕಿನ ತಳದಿಂದ ಒಂದು ಪೊಟ್ಟಣ ತೆಗೆದು ತಂದಳು. ಇದನ್ನೂ ಎಸೆದರೆ?

"ಇದೇನಲೇ?"

"ಇದೂ ನಿರೋಧೇ. ಹೆಂಗಸರದು. ನಾನು ಹಾಕ್ಕೊಳ್ಳೋದು. ನೀವೇನೂ ಮಾಡಂಗಿಲ್ಲ."

ಅವನು ಹರಿದು ಹೊರಗೆಳೆದ. ಎರಡೂ ತುದಿಗೆ ಉಂಗುರ, ನಡುವೆ ಎಣ್ಣೆ ಹಚ್ಚಿದಂಥ ತೆಳು ಚೀಲ. ಬೆಳಕಿಗೆ ಹಿಡಿದು ನೋಡಿದ. "ಇದರಾಗ ಅರ್ಧ ಸೇರು ಜೋಳ ಹಿಡೀತೈತಲ್ಲಲೇ!"

ಆ ಹೆದರಿಕೆಯಲ್ಲೂ ಅವಳು ಕಿಸಕ್ಕನೆ ನಕ್ಕಳು. ಅವನು ಮಾತ್ರ ನಗು ನಿಲ್ಲಿಸಿ ಅದನ್ನು ಕೆಳಗಿಟ್ಟ. "ಇದೂ ಅಡ್ಡನ ಅಲ್ಲೇನು? ಬ್ಯಾಡ. ನಿನ್ನ ಅಸಹ್ಯ ಮಾಡಿದಂಗ ಆಗ್ತೈತಿ."

"ಎಂಜಲು ತಿನ್ರಿ, ಬ್ಯಾಡ ಅನ್ನಲ್ಲ. ಅದರಿಂದ ಬರಲ್ಲ ಅಂತ ಗುರುಬಸಮ್ಮಕ್ಕ ನೂರು ಸಲ ಹೇಳ್ಯಾಳ. ಆದ್ರ ಇದರಿಂದ ಬರ್ತೈತ್ರಿ! ನನಗ ಬಂದದ್ದೇ ಹಿಂಗ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಎಂಟು ತಿಂಗಳು ಅವನ ಮೈ ತೊಳದೀನಿ. ಕಡಿಗೆ ಎತ್ತಿದ್ರ ಕೂಸಿನಷ್ಟೂ ಭಾರ ಇದ್ದಿಲ್ಲ. ನಿಮ್ಮನ್ನ ಹಂಗ ಎತ್ತಾಕ ನನ್ನ ಕೈಲಾಗಲ್ಲ. ನನ್ನ ಕೂಡ ಸಾಯಾಕ ತಯಾರದೀರಿ. ಬದುಕಾಕ ತಯಾರದೀರೇನು? ಇಲ್ಲಂದ್ರ ಈಗಲೇ ಹೇಳ್ರಿ, ಸಂಜೀ ಬಸ್ಸಿಗೆ ಹೋಗ್ತೀನಿ."

ಹೇಳಿಬಿಟ್ಟಳು. ಹೋಗುವುದಾದರೂ ಎಲ್ಲಿಗೆ? ಇನ್ನು ತವರಿನ ಹೊಸ್ತಿಲು ತುಳೀಬ್ಯಾಡ ಅಂತ ಅಣ್ಣ ಉಡಿಕೆಯ ದಿನವೇ ಹೇಳಿ ಕಳಿಸಿದ್ದ.

ರಾಮಾಂಜಿನಿ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅವನಿಗೆ ಸಿಟ್ಟು ಬಂತು, ಮುಗೀತು ನನ್ನ ಸಂಸಾರ ಅಂದುಕೊಂಡಳು. ನೋಡಿದರೆ ಅವನ ಹೆಗಲು ಅಲುಗುತ್ತಿತ್ತು.

"ರೇಣುಕಾ, ನನಗ ಹೆದರಿಕಿ ಐತಿ."

"ಏನಂದ್ರಿ?"

"ಮೊದಲ ದಿನದಿಂದ ಐತಿ. ನೀ ನೆಪ ಹೇಳಿದಾಗೆಲ್ಲ ಒಳಗ ಒಂದೀಟು ಸಮಾಧಾನ ಆಗ್ತಿತ್ತು. ಬಾಯಿಬಿಟ್ಟು ಹೇಳಿದ್ರ ನೀ ನನ್ನನ್ನೂ ಆ ಮನಿಯವರ ಸಾಲಿಗೆ ಸೇರಸ್ತಿ ಅಂತ ಎದಿ ಸೆಟಿಸಿಕೊಂಡು ಓಡಾಡಿದೆ."

"ಅಯ್ಯೋ ಶಿವನೇ! ಮೊದಲೇ ಹೇಳಬಾರದಾಗಿತ್ತೇನ್ರಿ? ನಾನೊಬ್ಬಾಕಿನ ಹೆದರಿ ಸಾಯಾಕ್ಹತ್ತಿದ್ದೆ!"

ಅಳುತ್ತಲೇ ಅವನ ಹೆಗಲಿಗೆ ತಲೆ ಇಟ್ಟಳು. ತಾನಾಗಿಯೇ ಹಾಗೆ ಒರಗಿದ್ದು ಅದೇ ಮೊದಲು. ಇಬ್ಬರಿಗೂ ಹೆದರಿಕೆ ಇದೆ ಅನ್ನುವುದೇ ಅವಳಿಗೆ ಎಷ್ಟೋ ಧೈರ್ಯ ಕೊಟ್ಟಿತು.

ಸ್ವಲ್ಪ ಹೊತ್ತಾದ ಮೇಲೆ ಅವನು ಮೂಗು ಒರೆಸಿಕೊಂಡ. "ಇದನ್ನ ನೆಲದ ಮ್ಯಾಗ ಇಟ್ಟೆ. ಇನ್ನೊಂದು ಐತೇನು?"

"ಗುರುಬಸಮ್ಮಕ್ಕ ಮೂರು ಕೊಟ್ಟಾಳ. ಬೊಂಬಿ ಇಟ್ಟುಕೊಂಡು ಹೆಂಗ ಹಾಕ್ಕೊಳ್ಳೋದು ಅಂತ ತೋರಿಸ್ಯಾಳ. ಆದ್ರ ನನಗ ಸರಿಯಾಗಿ ಬರ್ತೈತೋ ಇಲ್ಲೋ. ತಪ್ಪಾತಂದ್ರ?"

"ತಪ್ಪಾತಂದ್ರ ಇವತ್ತು ಬ್ಯಾಡ. ನಾಳೆ ಇಬ್ಬರೂ ಗುರುಬಸಮ್ಮನ ಹತ್ರ ಹೋಗಿ ಕಲಿಯೋಣು. ಅವಸರ ಏನೈತಿ? ನನಗ ನೀನು ಭಾಳ ವರ್ಷ ಬೇಕು."

ರೇಣುಕಾ ಎದ್ದು ಟ್ರಂಕಿನಿಂದ ಇನ್ನೊಂದು ಪೊಟ್ಟಣ ತೆಗೆದಿಟ್ಟು, ಬಾಗಿಲ ಚಿಲಕ ಹಾಕಿ ಬಂದಳು.