ತೊಂಬತ್ತೇಳರ ಲೆಕ್ಕ

ನಕಾಶೆಯನ್ನು ಯಾರೋ ಮೂಲೆಯಿಂದ ಮೂಲೆಗೆ ಸೀಳಿದ್ದರು. ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿದ ದಿನವದು. ಸುಸನ್ನಾ ಟೀಚರು ತಿಂಗಳಿಡೀ ಬಟ್ಟೆಯ ಮೇಲೆ ಬರೆದು, ನೀಲಿ ನೂಲಿನ ಅಂಚು ಹೊಲಿದಿದ್ದ ಹೊಸ ರಾಜ್ಯದ ನಕಾಶೆ. ಸಂಜೆ ಶಾಲಾ ಇನ್ಸ್‌ಪೆಕ್ಟರರ ಎದುರು ಅದರ ಪರದೆ ಎಳೆಯಬೇಕಾದವಳು ಜವಾನ ಪಂಢರಿಯ ಮಗಳು ಕೇಶರ. ಸುಸನ್ನಾಳೇ ಹಟ ಹಿಡಿದು ಅವಳನ್ನು ಆರಿಸಿದ್ದಳು.

ಮೈದಾನದ ಬದಿಗೆ ನಕಾಶೆ ಇಟ್ಟಿದ್ದ ಕೋಣೆಗೆ ಕೀಲಿ ಇರಲಿಲ್ಲ. ಬೆಳಿಗ್ಗೆ ಕಸ ಹೊಡೆಯಲು ಒಳಗೆ ಹೋದವನು ಪಂಢರಿ. ಹೆಡ್‌ಮಾಸ್ತರರಿಗೆ ಅಷ್ಟೇ ಸಾಕಾಯಿತು. "ಸಂಜಿಯೊಳಗ ಒಪ್ಕೋ. ಇಲ್ಲಂದ್ರ ನೌಕರಿನೂ ಹೋತು, ಪೊಲೀಸರಿಗೂ ಕೊಡ್ತೇನಿ!"

ಸುಸನ್ನಾ ದಡದಡನೆ ಖಾಸಿಂ ಅಲಿಯವರ ಮನೆಗೆ ನಡೆದಳು. ಗಣಿತದ ಮಾಸ್ತರರು, ಆಡು ಕಳೆದರೂ ಅಳಿಯ ಕಳೆದರೂ ಊರವರು ಬರುತ್ತಿದ್ದುದು ಇವರ ಬಳಿಗೇ.

"ಮಗಳು ಪರದಿ ಎಳಿಯೂ ದಿನಾನೇ ಅಪ್ಪ ನಕಾಶಿ ಹರೀತಾನೇನ್ರಿ? ಹೊಟ್ಟಿ ಉರೀತದರಿ ನನಗ!"

"ನಡೀರಿ, ಎಲ್ಲಾರನ್ನೂ ಕೂಡಸೋಣ."

ಬೆಳಿಗ್ಗೆ ಉಳಿದ ಮಾಸ್ತರರೆಲ್ಲ ಗೇಟಿಗೆ ತೋರಣ ಕಟ್ಟುತ್ತಿದ್ದರು. ಮೈದಾನದಲ್ಲಿದ್ದವರು ಡ್ರಿಲ್ ಮಾಸ್ತರ ವಿಶ್ವಂಭರರಾವ ಒಬ್ಬರೇ. ಮಕ್ಕಳು ನೂರರ ತನಕ ಎಣಿಸುವ ಗದ್ದಲ ಗೇಟಿಗೂ ಕೇಳಿತ್ತು. ಈಗ ಎಲ್ಲರ ನಡುವೆ ಡ್ರಿಲ್ ಮಾಸ್ತರರು ಚಾಕುವಿನಿಂದ ಪೇರಲ ಹಣ್ಣು ಹೆಚ್ಚುತ್ತಾ ಕೂತಿದ್ದರು.

"ಇಡೀ ತಾಸು ನಾ ಅಲ್ಲೇ ಇದ್ದೇನ್ರಿ. ತೊಂಬತ್ತೇಳು ಮಂದಿನೂ ಹಾಜರ್. ಎಂಟೆಂಟರ ಲೈನ್, ಒಬ್ಬರೂ ಹೆಚ್ಚಿಲ್ಲ, ಕಮ್ಮಿಲ್ಲ."

"ಲೈನಿನ್ಯಾಗ ಇದ್ದವ್ರನ್ನೆಲ್ಲ ಕೇಳೇನಿ, ನನ್ನ ಮಗನ್ನೂ ಕೇಳೇನಿ. ಯಾರೂ ಏನೂ ನೋಡಿಲ್ಲ" ಎಂದರು ಹೆಡ್‌ಮಾಸ್ತರರು.

ಖಾಸಿಂ ಅಲಿ ಗಡ್ಡ ತುರಿಸಿಕೊಂಡರು. "ತೊಂಬತ್ತೇಳು ಭಾಳ ಹಟಮಾರಿ ಅಂಕಿ ಅದರಿ. ತನಗ, ಒಂದಕ್ಕ ಬಿಟ್ಟು ಯಾವುದಕ್ಕೂ ಭಾಗ ಆಗೂದಿಲ್ಲ. ಮೂರರಂಗ ನಿಲ್ಲಸ್ರಿ, ನಾಕು, ಆರು, ಎಂಟು, ಹನ್ನೆರಡು, ಹ್ಯಾಂಗ ನಿಲ್ಲಿಸಿದ್ರೂ ಒಬ್ಬರು ಉಳೀತಾರ. ಆ ಒಬ್ಬರು ಎಲ್ಲಿದ್ರು, ರಾವಸಾಹೇಬ?"

"ಅಕಿ ಲೆಕ್ಕಕ್ಕಿಲ್ಲ ಬಿಡ್ರಿ!"

ಅಕಿ! ಸುಸನ್ನಾಳ ಮೈಯೆಲ್ಲ ಉರಿಯಿತು. ದಿನಾ ಡ್ರಿಲ್ಲಿನಲ್ಲಿ ಕೇಶರ ಒಬ್ಬಳೇ ಆ ಕೋಣೆಯ ಗೋಡೆಗೆ ನಿಂತಿರುತ್ತಿದ್ದಳು. ವರ್ಷವಿಡೀ ಕಿಟಕಿಯಿಂದ ನೋಡಿಯೂ ತಾನು ಬಾಯಿ ಬಿಟ್ಟಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು, ಎಂದುಕೊಂಡಳು.

ಕೇಶರಳನ್ನು ಕರೆಸಿದರು. "ಎಲ್ಲಾರಿಗೂ ಕಣ್ಣ ಮುಚ್ಚಿ ನೂರ ಎಣಸ್ರಿ ಅಂದ್ರು. ನನಗ ಹೇಳಲಿಲ್ಲರಿ. ಮಾಸ್ತರು ಒಳಗ ಹೋಗಿ ಚಾಕೂಲೆ ನಕಾಶಿ ಹರದ್ರು, ಬಾಗಲ ಸಂದ್ಯಾಗ ಕಂಡ್ತರಿ."

"ಮೊದಲ ಯಾಕ ಹೇಳಲಿಲ್ಲ?" ಹೆಡ್‌ಮಾಸ್ತರರು ಗದರಿದರು.

"ಲೈನಿನ್ಯಾಗ ಇದ್ದವ್ರನ್ನ ಕೇಳಿದ್ರಿ. ನಾ ಲೈನಿನ್ಯಾಗ ಇರಲಿಲ್ಲರಿ."

ಖಾಸಿಂ ಅಲಿ ಚಾಕು ಕಸಿದು, ಅದರ ಮಡಿಕೆಯ ಸಂದಿಯಿಂದ ಒಂದು ಎಳೆ ಹೊರತೆಗೆದರು. ನೀಲಿ ನೂಲು.

"ನಂದೇರಿ ಇದು," ಎಂದಳು ಸುಸನ್ನಾ.

ಖಾಸಿಂ ಅಲಿ ವಿಶ್ವಂಭರರಾವರತ್ತ ತಿರುಗಿದರು. "ಹುಡುಗರ ಕಣ್ಣ ಮುಚ್ಚಿಸಿ ಒಳಗ ಹೋದ್ರಿ. ನೂರು ಮುಗಿಯೂದ್ರಾಗ ಹೊರಗ ಬಂದ್ರಿ. ಒಬ್ಬಾಕಿ ಕಣ್ಣ ತೆರದೈತಿ ಅಂತ ನೆನಪೇ ಆಗಲಿಲ್ಲ. ಅಕಿ ನಿಮಗ ಮನಷ್ಯಾಳೇ ಅಲ್ಲಲ್ಲ!"

"ಇಂಥವಳ ಕೈಲೆ ಪರದಿ ಎಳಸ್ತೀರೇನ್ರಿ?" ವಿಶ್ವಂಭರರಾವ ಚೀರಿದರು. ಬೇರೆ ತಪ್ಪೊಪ್ಪಿಗೆ ಬೇಕಾಗಲಿಲ್ಲ.

ಪಂಢರಿ ಮಗಳ ತಲೆ ಸವರುತ್ತಾ ಅತ್ತುಬಿಟ್ಟ. ಸುಸನ್ನಾ ಸೂಜಿಗೆ ನೂಲು ಪೋಣಿಸಿ ನಕಾಶೆ ಹೊಲಿಯತೊಡಗಿದಳು. ಸಂಜೆಗೆ ಇನ್ನೂ ಹೊತ್ತಿತ್ತು.

ಹೆಡ್‌ಮಾಸ್ತರರು ಕೆಮ್ಮಿದರು. "ಆದ್ರ ಟೀಚರ್, ಲೆಕ್ಕ ಲೆಕ್ಕನೇ. ನಾಳಿಗೂ ಒಬ್ಬರು ಹೊರಗ ಉಳೀಬೇಕಲ್ಲ?"

"ಉಳೀಲಿರಿ. ದಿನಕ್ಕೊಬ್ಬರು." ಸುಸನ್ನಾ ತಲೆಯೆತ್ತದೆ ದಾರ ಕಡಿದಳು. "ನಾಳಿಗಿ ನಿಮ್ಮ ಮಗ ನಿಲ್ಲಲಿ."