ಹಸಿರು ಚೀಟಿಯ ಮೆಂತ್ಯದ ಹಿಟ್ಟು

"ರಮಾಮಣಿ ಅವರು ಮನ್ಯಾಗ ಅದಾರೇನ್ರೀ?"

ಬಾಗಿಲು ತೆರೆದಾಗ ಸರಸ್ವತಿ ನಿಂತಿದ್ದರು. ಧಾರವಾಡದ ಕಡೆಯವರು. ನಮ್ಮ ಹಾಗೆಯೇ ವರ್ಗಾವಣೆಯ ಗಾಳಿಗೆ ಸಿಕ್ಕಿ ಗುಜರಾತಿನ ವಡೋದರಾಗೆ ಬಂದು ಇಲ್ಲಿಯೇ ಉಳಿದವರು, ಈಗ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಯಾವಾಗ ಬಂದರೂ ನನ್ನನ್ನು ಒಂದು ಸುತ್ತು ಗೇಲಿ ಮಾಡಿಯೇ ಒಳಗೆ ಬರುವ ಹೆಂಗಸು, ಅವತ್ತು ಚಪ್ಪಲಿ ಬಿಡುವುದಕ್ಕೂ ಹಿಂಜರಿಯುತ್ತಿದ್ದರು. ಎಡಗೈ ಮೇಲೆ ಉಗುರಿನ ಗೀರುಗಳು ಕೆಂಪಗೆ ಎದ್ದಿದ್ದವು.

"ಒಳಗೆ ಬನ್ನಿ," ಎಂದೆ.

"ಬರಲ್ಯೋ ಬ್ಯಾಡೋ ನೀವ ಹೇಳ್ರಿ, ಪಟ್ಟಾಭಿರಾಮ್ ಅವರ. ಕೂಸಿನ ಊಟದಾಗ ಶೇಂಗಾ ಬೆರಸಿದಾಕಿ ಅಂತ ಕನ್ನಡ ಸಂಘದಾಗ ನನ್ನ ಹೆಸರು ಹಚ್ಚ್ಯಾರ. ಇವತ್ತ ಸಂಜೀಕೆ ಪೊಲೀಸರಿಗೆ ಬರದ ಕೊಡ್ತಾರಂತ."

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. "ರೀ, ಅವರನ್ನ ಬಾಗಿಲಲ್ಲಿ ನಿಲ್ಲಿಸ್ಕೊಂಡು ಏನು ವಿಚಾರಣೆ? ಅದು ನನ್ನ ಕೆಲಸ. ನೀವು ಕಾಫಿ ಬೆರೆಸಿ."

ನಮ್ಮ ಮನೆಯ ಕಾನೂನು ಹೀಗೆ. ರಮಾಮಣಿ ವಿಮಾ ಕಂಪನಿಯಲ್ಲಿ ಕ್ಲೇಮುಗಳ ತಪಾಸಣೆ ಮಾಡುತ್ತಿದ್ದವಳು. ಸೂರತ್ತಿನ ಉಧ್ನಾದಲ್ಲಿ ಬಟ್ಟೆ ಗೋದಾಮು ಸುಟ್ಟರೆ, ತಾನಾಗಿ ಸುಟ್ಟಿದ್ದೋ ಸುಡಿಸಿದ್ದೋ ಎಂದು ಬೂದಿ ಕೆದಕಿ ಹೇಳುವುದು ಅವಳ ಉದ್ಯೋಗ. ಕಂಪನಿಯವರು ಹಾರ ಹಾಕಿ ಬೀಳ್ಕೊಟ್ಟರು, ಅವಳು ಮಾತ್ರ ನಿವೃತ್ತಳಾಗಲಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ನಾನು ಅವಳ ಡ್ರೈವರು, ಕಾಫಿಯವನು, ಬೇಕೆನಿಸಿದಾಗ ಬೈಸಿಕೊಳ್ಳುವವನು. ಗೊಣಗುತ್ತೇನೆ ನಿಜ. ಆದರೆ ಈ ಸೇವೆಯನ್ನು ಬೇರೆಯವರಿಗೆ ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಆದದ್ದು ಇಷ್ಟು. ವರಮಹಾಲಕ್ಷ್ಮಿ ಹಬ್ಬದ ಸಂಜೆ ನಮ್ಮ ಸಂಘದ ವಿಂಧ್ಯಾಳ ಮನೆಯಲ್ಲಿ ಅರಿಶಿನ ಕುಂಕುಮ. ಅವಳ ಪುಟ್ಟ ಮಗಳು ಮಹಿಮಾಗೆ ಶೇಂಗಾ ಆಗುವುದಿಲ್ಲ, ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಊದುತ್ತದೆ. ಅದಕ್ಕೇ ಆ ಮನೆಯಲ್ಲಿ ಹೊರಗಿನ ತಿಂಡಿ ಎಂದರೆ ರಜನಿಯ ಮೆಂತ್ಯದ ಹಿಟ್ಟು ಒಂದೇ. ಹಾಸನದ ಕಡೆಯ ರಜನಿ ಗೋಧಿ, ಬೇಳೆ, ಮೆಂತ್ಯ ಹುರಿದು ಬೀಸಿಸಿ, 'ಶೇಂಗಾ ಇಲ್ಲ' ಎಂದು ಚೀಟಿಯ ಮೇಲೆ ಅಚ್ಚು ಹಾಕಿಸಿ ಮಾರುತ್ತಾಳೆ. ಅಂದು ಮಗು ಮೊಸರನ್ನಕ್ಕೆ ಆ ಹಿಟ್ಟು ಕಲಸಿಕೊಂಡು ತಿಂದಿತು. ಸ್ವಲ್ಪ ಹೊತ್ತಿಗೆ ಮುಖ ಊದಿ ಉಸಿರು ಕಟ್ಟತೊಡಗಿತು. ಎಲ್ಲರೂ ಗಾಬರಿಯಿಂದ ನಿಂತಾಗ ಸರಸ್ವತಿ, "ಶೇಂಗಾ ಹೊಟ್ಟ್ಯಾಗ ಹೋಗೇದ!" ಎಂದು ಕೂಗಿ ಮಗುವನ್ನು ಎತ್ತಿಕೊಂಡು ರಿಕ್ಷಾ ಹತ್ತಿ ಆಸ್ಪತ್ರೆಗೆ ಓಡಿದರು. ಮಗು ಬದುಕಿತು.

"ಉಳಿಸಿದ್ದ ತಪ್ಪಾತು ನೋಡ್ರಿ," ಎಂದರು ಸರಸ್ವತಿ. "ಯಾರಿಗೂ ತಿಳೀದ್ದು ಈಕಿಗೆ ಹೆಂಗ ತಿಳೀತು ಅಂತಾರ. ನನ್ನ ತಮ್ಮಗೂ ಸಣ್ಣಾಂವ ಇದ್ದಾಗ ಹಿಂಗ ಆಗಿತ್ತು. ಆ ಮಾರಿ ನಾ ಮರೀಲಿಕ್ಕೆ ಹೆಂಗ ಸಾಧ್ಯ?"

ಅನುಮಾನಕ್ಕೆ ಇನ್ನೂ ಬಲವಾದ ಕಾರಣವಿತ್ತು. ಮೊದಲು ರಜನಿ, ಸರಸ್ವತಿ ಜೊತೆಯಾಗಿಯೇ ವ್ಯಾಪಾರ ಮಾಡುತ್ತಿದ್ದರು. ಮಹಿಮಾಳ ವಿಷಯ ತಿಳಿದ ಮೇಲೆ ರಜನಿ ತನ್ನ ಅಡುಗೆಮನೆಯಲ್ಲಿ ಶೇಂಗಾವೇ ಬೇಡವೆಂದಳು. ಶೇಂಗಾ ಬಿಟ್ಟರೆ ಚಟ್ನಿ ಏನು ಬಂತು ಎಂದು ಸರಸ್ವತಿ ಬೇರೆಯಾದರು. ಮಾತು ಬಿಟ್ಟಿರಲಿಲ್ಲ, ಮುನಿಸು ಎಲ್ಲರಿಗೂ ಗೊತ್ತಿತ್ತು. ಅದೂ ಅಲ್ಲದೆ ರಜನಿ ಪೊಟ್ಟಣ ಕಟ್ಟುತ್ತಿದ್ದ ದಿನ ಹಳದಿ ಚೀಟಿ ಮುಗಿದುಹೋಗಿ, ಹೊಸ ಹಸಿರು ಚೀಟಿಗಳನ್ನು ಪ್ರೆಸ್ಸಿನಿಂದ ತಂದುಕೊಟ್ಟವರು ಸರಸ್ವತಿಯೇ. ಆಗ ರಜನಿ ಫೋನು ಹಿಡಿದು ಬಾಲ್ಕನಿಗೆ ಹೋಗಿದ್ದಳು, ಸರಸ್ವತಿ ತೆರೆದ ಡಬ್ಬದ ಪಕ್ಕ ಒಬ್ಬರೇ ಇದ್ದರು. ಈಗ ಪ್ರಯೋಗಾಲಯದ ವರದಿ ಬಂದಿತ್ತು. ಹಳದಿ ಚೀಟಿಯ ಪೊಟ್ಟಣದಲ್ಲಿ ಶೇಂಗಾ ಇಲ್ಲ, ಹಸಿರು ಚೀಟಿಯದರಲ್ಲಿ ಇದೆ.

"ಅಂದರೆ ನೀವು ಬರೋ ಮುಂಚೆ ಚೊಕ್ಕ, ಬಂದ ಮೇಲೆ ಕೆಟ್ಟಿತು," ಎಂದಳು ರಮಾ.

"ನೀವೂ ಹಂಗ ಅಂತೀರೇನ್ರೀ?"

"ನಾನಲ್ಲ, ಊರು ಹೇಳ್ತಿರೋದು. ನಾನು ಇನ್ನೂ ಡಬ್ಬ ನೋಡಿಲ್ಲ. ರೀ, ಸ್ಕೂಟರ್ ತೆಗೀರಿ."

ರಜನಿಯ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗು ಆಸ್ಪತ್ರೆ ಸೇರಿದ ತಕ್ಷಣ ಅವಳು, ನನ್ನ ಹಿಟ್ಟು ಯಾರೂ ತಿನ್ನಬೇಡಿ, ಎಲ್ಲ ಪೊಟ್ಟಣ ವಾಪಸು ಕೊಡಿ ಎಂದು ಅಹಮದಾಬಾದ್, ಸೂರತ್, ಎಲ್ಲ ಕಡೆಯ ಕನ್ನಡದವರಿಗೂ ಸುದ್ದಿ ಮುಟ್ಟಿಸಿದ್ದಳು. ಸೂರತ್ ಪಕ್ಕದ ಹಜೀರಾದ ಕಾಲೋನಿಯಿಂದಲೂ ಚೀಲ ಬಂದಿತ್ತು.

"ನೋಡಿ ಆಂಟಿ, ಬೈತಾರೆ ಅಂತ ಕಾಯ್ತಿದ್ದೆ," ಎಂದು ಅವಳು ಒಂದು ಚೀಲ ಬಿಚ್ಚಿ ತೋರಿಸಿದಳು. ಪೊಟ್ಟಣಗಳ ಜೊತೆ ಚಿಕ್ಕೂ ಹಣ್ಣು. ಇನ್ನೊಂದರಲ್ಲಿ ನಾನ್‌ಖಟಾಯಿ ಬಿಸ್ಕತ್ತು. "ಬೇಗ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂತ ಕಳಿಸಿದಾರೆ. ಇಂಥ ಜನಕ್ಕೆ ನಾನು ಏನು ತಿನ್ನಿಸಿಬಿಟ್ಟೆ!" ಎಂದು ಅತ್ತೇಬಿಟ್ಟಳು.

ರಮಾ ಅವಳನ್ನು ಅಳಲು ಬಿಟ್ಟು ಒಂದು ಹಳದಿ ಪೊಟ್ಟಣ ಕತ್ತರಿಸಿದಳು. ಚಮಚ ಓರೆ ಮಾಡಿದರೆ ಹಿಟ್ಟು ಪೌಡರಿನಂತೆ ಸರಸರನೆ ಜಾರಿತು. ಹಸಿರಿನದು ತಡೆದು ತಡೆದು ಬಿತ್ತು.

"ಮನೆಗೆ ಇಟ್ಟುಕೊಂಡಿಲ್ವೇನಮ್ಮ?"

"ತಳದಲ್ಲಿ ಉಳಿದಿದ್ದನ್ನ ಕೆರೆದು ಮನೆಗೇ ಇಟ್ಕೊಳೋದು. ಮಾರೋಕೆ ಮನಸ್ಸು ಬರಲ್ಲ."

ಆ ಜಾಡಿಯ ಹಿಟ್ಟು ಚಮಚ ಬಿಟ್ಟು ಬೀಳಲೇ ಇಲ್ಲ. ಅಲ್ಲಲ್ಲಿ ಉಂಡೆ ಕಟ್ಟಿತ್ತು. ಬೆರಳಲ್ಲಿ ಉಜ್ಜಿದರೆ ಜಿಡ್ಡು. ರಮಾ ಅದನ್ನು ಒಂದು ಕಾಗದದಲ್ಲಿ ಮಡಿಸಿ ನನ್ನ ಜೇಬಿಗೆ ತುರುಕಿದಳು.

"ಡಬ್ಬ ಬಿಚ್ಚಿದ್ದು ಯಾರು?"

"ನಾನೇ. ಮಿಲ್ಲಿನವರು ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಗಂಟು ಹಾಕಿ ಕಳಿಸ್ತಾರೆ. ಜಶುಭಾಯಿ ತುಂಬಾ ಒಳ್ಳೆಯವರು ಆಂಟಿ. ಹೋದ ಸಲ ಹಿಟ್ಟಿಗೆ ಬೆಳ್ಳುಳ್ಳಿ ವಾಸನೆ ಹತ್ತಿತ್ತು, ಇದು ಮಡಿಯವರೂ ತಿನ್ನೋ ಪದಾರ್ಥ ಭಾಯಿ ಅಂದಿದ್ದೆ. ಈ ಸಲ ವಾಸನೆಯ ಸುಳಿವೇ ಇಲ್ಲದಂಗೆ ಮಾಡಿಕೊಟ್ರು."

"ಹೌದಾ," ಎಂದಳು ರಮಾ. ಅವಳು ಹಾಗೆ ಎಳೆದು ಹೌದಾ ಎಂದರೆ ನಾನು ಸ್ಕೂಟರಿನ ಕೀಲಿ ತೆಗೆಯಬೇಕು ಎಂದರ್ಥ.

ಮಧ್ಯಾಹ್ನ ಮನೆಗೆ ಬಂದಾಗ ಪಕ್ಕದ ಮನೆಯ ಹಂಸಾಬೆನ್ ಸಬ್ಬಕ್ಕಿಯ ಸಾಬೂದಾನಿ ಖಿಚಡಿ ಕೊಟ್ಟಳು. ಶ್ರಾವಣದಲ್ಲಿ ಅವರದು ಉಪವಾಸ, ನನಗೆ ಹಬ್ಬ. ಮೇಲೆ ಬಿಳುಪಾಗಿ ಪುಡಿ ಉದುರಿಸಿದ್ದಳು. ನಾನು ಎರಡನೆಯ ಸಲ ಬಡಿಸಿಕೊಳ್ಳುವಾಗ ರಮಾ ಆ ಪುಡಿಯನ್ನೇ ನೋಡುತ್ತಾ ಕುಳಿತಿದ್ದಳು.

"ನಿನಗೆ ಬೇಡ್ವಾ?"

"ಬೇಡ. ನನಗೆ ಬೇಕಾಗಿದ್ದು ಸಿಕ್ಕಿತು. ಏಳಿ."

ಜಶುಭಾಯಿಯ ಮಿಲ್ಲು ಹಳೆಯ ಪೇಟೆಯ ಗಲ್ಲಿಯಲ್ಲಿತ್ತು. ಬಾಗಿಲ ಬಳಿಯ ಎರಡು ಯಂತ್ರಗಳು ಮೆಣಸಿನಕಾಯಿ, ಬೆಳ್ಳುಳ್ಳಿ ಘಾಟಿನಲ್ಲಿ ಮುಳುಗಿದ್ದವು. ಒಳಕೋಣೆಯಲ್ಲಿ ಇನ್ನೊಂದಿತ್ತು, ಅದಕ್ಕೆ ಚೆಂಡುಹೂವಿನ ಹಾರ, ಮೇಲೆ ಮಡಿಸಿದ ಬಿಳಿ ಬಟ್ಟೆ. ನಾನು ಕುತೂಹಲದಿಂದ ಹತ್ತಿರ ಹೋದರೆ, "ಕಾಕಾ, ಚಪ್ಪಲಿ!" ಎಂದು ಜಶುಭಾಯಿ ಕೈಮುಗಿದು ತಡೆದರು. ಆ ಕೋಣೆಯ ಹೊಸ್ತಿಲಲ್ಲಿ ಹೆಂಗಸರ ಡಬ್ಬಿಗಳು ಸಾಲಾಗಿ ಕಾಯುತ್ತಿದ್ದವು. ರಮಾ ಅರ್ಧ ಕಿಲೋ ದಂಟಿನ ಬೀಜದ ರಾಜಗಿರಾ ಹಿಟ್ಟು ಕೊಂಡು, ಏನನ್ನೂ ಕೇಳದೆ, ಸಂಜೆ ರಜನಿಯ ಮನೆಗೆ ಬಂದು ಹೋಗಬೇಕೆಂದು ಹೇಳಿ ಬಂದಳು. ಅಲ್ಲಿಂದ ಪ್ರಯೋಗಾಲಯಕ್ಕೆ ಹೋಗಿ ನನ್ನ ಜೇಬಿನ ಪೊಟ್ಟಣವನ್ನು ಪರೀಕ್ಷೆಗೆ ಕೊಟ್ಟೆವು.

ಸಂಜೆ ರಜನಿಯ ಹಜಾರ ತುಂಬಿತ್ತು. ಸಂಘದ ಅಧ್ಯಕ್ಷರಾದ ಸತ್ಯಪ್ರಕಾಶರು ಬರೆದು ತಂದ ದೂರನ್ನು ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ವಿಂಧ್ಯಾ ಮಹಿಮಾಳನ್ನು ಮಡಿಲಿನಲ್ಲಿ ಅವುಚಿಕೊಂಡಿದ್ದಳು. ಜಶುಭಾಯಿ ಏನು ವಿಷಯವೆಂದು ತಿಳಿಯದೆ ಒಂದು ಮೂಲೆಯಲ್ಲಿ ಕುಳಿತಿದ್ದರು. ಸರಸ್ವತಿ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಯಾರೂ ಪಕ್ಕದಲ್ಲಿ ಕೂರದೆ, ಒಂಟಿಯಾಗಿದ್ದರು. ನಾನು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ನನ್ನ ಮೊಣಕಾಲು ಇಂದಿಗೂ ಅದಕ್ಕಾಗಿ ನನ್ನನ್ನು ಕ್ಷಮಿಸಿಲ್ಲ.

"ಕಾಲಹರಣ ಬೇಡ ರಮಾಮಣಿಯವರೇ," ಎಂದರು ಸತ್ಯಪ್ರಕಾಶ. "ಹಳದಿಯಲ್ಲಿ ಇಲ್ಲ, ಹಸಿರಿನಲ್ಲಿ ಇದೆ. ನಡುವೆ ಬಂದವರು ಒಬ್ಬರೇ."

"ಸರಿ ಸ್ವಾಮಿ. ಒಂದು ಆಟ ತೋರಿಸ್ತೀನಿ."

ರಮಾ ಉದ್ದನೆಯ ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟಳು. ತಳಕ್ಕೆ ಒಂದು ಹಿಡಿ ಕುಂಕುಮ ಹಾಕಿದಳು, ಅದರ ಮೇಲೆ ಕುಂಕುಮ ಬೆರೆಸಿದ ಅಕ್ಕಿಹಿಟ್ಟು, ಅದರ ಮೇಲೆ ಬರೀ ಅಕ್ಕಿಹಿಟ್ಟು ಕಂಠದವರೆಗೆ. "ರಜನಿ, ಪೊಟ್ಟಣ ಕಟ್ಟಮ್ಮ."

ರಜನಿ ಚಮಚದಿಂದ ತೋಡುತ್ತಾ ಹೋದಳು. ಮೊದಲು ಬಿಳಿ, ಆಮೇಲೆ ತಿಳಿಗೆಂಪು, ಕೊನೆಗೆ ಕಡುಗೆಂಪು.

"ಈಗ ನೋಡಿ. ಸರಸ್ವತಿಯವರು ನಡುವೆ ಬಂದು ಮೇಲಿಂದ ಶೇಂಗಾ ಪುಡಿ ಉದುರಿಸಿದ್ರೆ, ಅವರು ಬಂದ ಮೇಲಿನ ಮೊದಲ ಪೊಟ್ಟಣಗಳಲ್ಲೇ ಅದು ಹೆಚ್ಚಿರಬೇಕು, ತಳ ಚೊಕ್ಕವಾಗಿರಬೇಕು. ಕೈಯಾಡಿಸಿ ಕಲಸಿದ್ರೆ ಎಲ್ಲದರಲ್ಲೂ ಒಂದೇ ಸಮ ಇರಬೇಕು. ಆದರೆ ಹಸಿರು ಪೊಟ್ಟಣದ ಹಿಟ್ಟು ಚಮಚದಿಂದ ತಡೆದು ಬೀಳತ್ತೆ, ತಳದಿಂದ ಕೆರೆದ ಹಿಟ್ಟು ಶೇಂಗಾದ ಎಣ್ಣೆಗೆ ಜಿಡ್ಡು ಕಟ್ಟಿದೆ, ಬೀಳೋದೇ ಇಲ್ಲ. ಪ್ರಯೋಗಾಲಯದವರು ಈಗ ತಾನೇ ಫೋನ್ ಮಾಡಿದ್ರು, ಶೇಂಗಾ ಎಲ್ಲಕ್ಕಿಂತ ಹೆಚ್ಚಿರೋದು ಆ ತಳದ ಹಿಟ್ಟಿನಲ್ಲಿ. ಉಧ್ನಾದ ಗೋದಾಮುಗಳಲ್ಲೂ ಇದೇ ಕತೆ. ಮೇಲೆ ಸುಟ್ಟಿದೆಯಾ ತಳದಲ್ಲಿ ಸುಟ್ಟಿದೆಯಾ ಅಂತ ನೋಡಿದ್ರೆ ಬೆಂಕಿ ಮೊದಲು ಎಲ್ಲಿ ಹತ್ತಿತು ಅಂತ ತಿಳಿಯತ್ತೆ. ಇಲ್ಲಿ ಶೇಂಗಾ ಡಬ್ಬಕ್ಕೆ ಬಿದ್ದಿದ್ದು ಎಲ್ಲಕ್ಕಿಂತ ಮೊದಲು."

"ಮೊದಲು ಅಂದ್ರೆ ಎಲ್ಲಿ?" ವಿಂಧ್ಯಾ ಕೇಳಿದಳು.

"ಡಬ್ಬದ ಗಂಟನ್ನ ಇಲ್ಲಿ ಬಿಚ್ಚಿದ್ದು ರಜನಿ. ಕಟ್ಟಿದ್ದು ಮಿಲ್ಲಿನಲ್ಲಿ. ಯಂತ್ರದಲ್ಲಿ ಹಿಂದಿನವರದು ಏನು ಅಂಟಿಕೊಂಡಿರತ್ತೋ ಅದು ಮುಂದಿನವರ ಮೊದಲ ಹಿಡಿ ಹಿಟ್ಟಿನ ಜೊತೆ ಇಳಿಯತ್ತೆ. ಆ ಮೊದಲ ಹಿಡಿ ಡಬ್ಬದ ತಳ ಸೇರತ್ತೆ. ಜಶುಭಾಯಿ, ಈ ಸಲ ರಜನಿಬೆನ್ ಹಿಟ್ಟು ಬೀಸಿದ್ದು ಯಾವ ಯಂತ್ರದಲ್ಲಿ?"

ಕೊನೆಯ ಮಾತನ್ನು ಅವಳು ಹಿಂದಿಯಲ್ಲಿ ಕೇಳಿದಳು. ಜಶುಭಾಯಿಯ ಮುಖ ಅರಳಿತು. ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಒಳಕೋಣೆಯದರಲ್ಲಿ, ಬೆನ್. ಶ್ರಾವಣ ಬಂತೆಂದರೆ ಅದನ್ನು ಉಪವಾಸದವರಿಗೆಂದೇ ಮೀಸಲಿಡುತ್ತೇನೆ. ಬೆಳ್ಳುಳ್ಳಿಯ ಸೋಂಕಿಲ್ಲ, ಧಾನ್ಯದ ಸೋಂಕೂ ಇಲ್ಲ. ಬೇರೆ ಯಾರಿಗೂ ಅದನ್ನು ಕೊಡುವುದಿಲ್ಲ. ರಜನಿಬೆನ್ ಅಷ್ಟು ಹೇಳಿದ್ದಳಲ್ಲ, ಇವಳಿಗೊಬ್ಬಳಿಗೆ ಕೊಟ್ಟೆ. ಆಮೇಲೆ ಯಂತ್ರ ತೊಳೆದು ಮತ್ತೆ ಪೂಜೆ ಮಾಡಿಸಿದೆ."

"ಉಪವಾಸದವರು ಅದರಲ್ಲಿ ಏನೇನು ಬೀಸಿಸುತ್ತಾರೆ?"

"ರಾಜಗಿರಾ, ಸಿಂಘಾಡಾದ ಕಾಯಿ, ಮತ್ತೆ ಎಲ್ಲಕ್ಕಿಂತ ಹೆಚ್ಚು..." ಅವರ ಮಾತು ಅಲ್ಲಿಗೆ ನಿಂತಿತು. "ಸಿಂಗ್‌ದಾಣಾ."

ಶೇಂಗಾ. ನಾನು ಮಧ್ಯಾಹ್ನ ಎರಡೆರಡು ಸಲ ಬಡಿಸಿಕೊಂಡ ಖಿಚಡಿಯ ಮೇಲಿನ ಬಿಳಿ ಪುಡಿ! ನಮ್ಮ ಕಡೆ ಉಪವಾಸವೆಂದರೆ ಅವಲಕ್ಕಿಯೋ ಹಣ್ಣೋ. ಇಲ್ಲಿ ಶೇಂಗಾ ಇಲ್ಲದೆ ಉಪವಾಸ ಸಾಗುವುದಿಲ್ಲ. ಆ ಮನುಷ್ಯ ತನ್ನಲ್ಲಿದ್ದ ಅತಿ ಪವಿತ್ರವಾದ ಯಂತ್ರವನ್ನು ಗೌರವದಿಂದ ಬಿಟ್ಟುಕೊಟ್ಟಿದ್ದರು. ಆ ಮಗುವಿನ ಪಾಲಿಗೆ ಇಡೀ ಮಿಲ್ಲಿನಲ್ಲಿ ಅಪಾಯವಿದ್ದದ್ದು ಅದೊಂದರಲ್ಲೇ.

ಜಶುಭಾಯಿ ಮಹಿಮಾಳ ಮುಂದೆ ಕುಸಿದು ಕುಳಿತು ಎರಡೂ ಕೈ ಜೋಡಿಸಿದರು. ವಿಂಧ್ಯಾ ಆ ಕೈಗಳನ್ನು ಹಿಡಿದುಕೊಂಡು, ಒಳ್ಳೆಯದನ್ನೇ ಮಾಡಲು ಹೋಗಿದ್ದಿರಿ ಭಾಯಿ, ಇನ್ನು ಮುಂದೆ ಏನು ಬೀಸಿದ ಯಂತ್ರವೆಂದು ಹೇಳಿ ಕೊಡಿ, ಅಷ್ಟು ಸಾಕು ಎಂದಳು. 'ಶೇಂಗಾ ಇಲ್ಲ' ಅಂತ ಅಚ್ಚು ಹಾಕಿಸಿದ ನಾನು ಅದನ್ನ ಮಿಲ್ಲಿನಲ್ಲಿ ಒಂದು ಸಲವೂ ಹೇಳಲಿಲ್ಲವಲ್ಲ ಎಂದು ರಜನಿ ಹಣೆ ಚಚ್ಚಿಕೊಂಡಳು. ಸತ್ಯಪ್ರಕಾಶರು ದೂರನ್ನು ಜೇಬಿನಿಂದ ತೆಗೆದು ಹರಿದು ಹಾಕಿದರು. ಎದ್ದು ಬಾಗಿಲ ಬಳಿಗೆ ಬಂದು, "ಸರಸ್ವತಿಯವರೇ, ತಪ್ಪಾಯಿತು," ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ರಜನಿ ಓಡಿಬಂದು ಸರಸ್ವತಿಯ ಕಾಲು ಮುಟ್ಟಲು ಬಗ್ಗಿದಳು.

"ಏ ಏಳವಾ, ಸಾಕು," ಎಂದು ಸರಸ್ವತಿ ಅವಳ ರಟ್ಟೆ ಹಿಡಿದು ಎಬ್ಬಿಸಿದರು. "ನೀ ಸುಮ್ನ ಇದ್ದಿದ್ದಿ ನೋಡು, ಅದ ಭಾಳ ನೋವಾಗಿತ್ತು. ಈಗ ಹೋತು." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು. "ರಮಾಮಣಿ ಅವರ, ನಿಮ್ಮ ಉಪಕಾರ ನಾ ಇರೋತನಾ ಮರಿಯಂಗಿಲ್ಲ."

ಮಹಿಮಾ ಅಮ್ಮನ ಮಡಿಲಿನಿಂದ ಇಳಿದು ಬಂದು ಸರಸ್ವತಿಯ ಎಡಗೈಯನ್ನೇ ನೋಡುತ್ತಾ ನಿಂತಿತು. ಕನ್ನಡ ಅರ್ಧಂಬರ್ಧ ಬರುವ ಮಗು ಅದು.

"ಅಜ್ಜಿ, ಯೇ ಮೈನೇ ಕಿಯಾ? ನಾನು ಮಾಡಿದ್ದಾ?"

"ಹೂಂ ನನ್ನವ್ವಾ. ರಿಕ್ಷಾದಾಗ ಭಾಳ ಗಟ್ಟಿ ಹಿಡಕೊಂಡಿದ್ದಿ."

"ಸಾರಿ. ನೋವಾಯ್ತಾ?"

"ಇಲ್ಲವಾ. ನೀ ಉಗುರು ಊರಿದಷ್ಟೂ ನನಗ ಧೈರ್ಯಾ ಬರ್ತಿತ್ತು. ಕೈ ಸಡ್ಲ ಬಿಟ್ಟೀಯಾ ಅನ್ನೋದೊಂದ ಹೆದರಿಕಿ ಇತ್ತು ನನಗ."

ಮಗುವಿಗೆ ಎಷ್ಟು ತಿಳಿಯಿತೋ ಕಾಣೆ. ಅದು ಆ ಗೀರುಗಳ ಮೇಲೆ ಒಂದು ಮುತ್ತು ಕೊಟ್ಟು, ಮತ್ತೆ ಅದೇ ಜಾಗವನ್ನು ಮೆತ್ತಗೆ ಹಿಡಿದುಕೊಂಡು ಅವರ ತೊಡೆಯ ಮೇಲೆ ಹತ್ತಿ ಕುಳಿತಿತು. ನಾನು ಕನ್ನಡಕ ಒರೆಸಿಕೊಂಡೆ. ರಮಾ ನನ್ನ ಕಡೆ ನೋಡಿ, "ರೀ, ಎಲ್ಲರಿಗೂ ಕಾಫಿ ಬೆರೆಸಿ," ಎಂದಳು. ಆ ದಿನ ನಾನು ಗೊಣಗದೆ ಎದ್ದೆ.