ಸುಣ್ಣದ ಕೋಟೆಗೆ ಕೆನ್ನೆಗೆಂಪು ಒಯ್ದವನು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಹೊನ್ನಕೇರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಸಣ್ಣೀರ ಅಂತ ಒಬ್ಬನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಅಕ್ಷರ ತಿದ್ದಲು ಕೂರಿಸಿದರೆ ಅರ್ಧ ತಿದ್ದಿ ಕಿಟಕಿ ಹಾರಿದವನು. ಉಪ್ಪಿನ ಗಾಡಿಗಳ ಹಿಂದೆ ಹೋದರೆ ಹೋದ, ಬಂದರೆ ಬಂದ. ಅವನ ಹೆಂಡತಿ ದೇವೀರಿ. "ನಾನು ಕಟ್ಟಿಕೊಂಡಿದ್ದು ಗಂಡನ್ನೋ ಗಾಳಿಪಟಾನೋ" ಅನ್ನುತ್ತಿದ್ದಳು. ಅಂದರೂ ಅವನು ಹೊರಟಾಗ ಬುತ್ತಿ ಕಟ್ಟುತ್ತಿದ್ದಳು, ಬಂದಾಗ ಬಿಸಿನೀರು ಕಾಯಿಸುತ್ತಿದ್ದಳು.

ಒಂದು ಸಲ ಹಾಗೆ ಹೋಗಿ ಬರುವಷ್ಟರಲ್ಲಿ ಊರಿಗೆ ಊರೇ ಮುಖ ಕಳೆದುಕೊಂಡು ಕೂತಿತ್ತು. ಬೆಟ್ಟದ ಮೇಲೆ ಸುಣ್ಣಕೇತು ಅನ್ನುವ ಮಂತ್ರವಾದಿ ಇದ್ದ. ಅವನು ಸೋರೆಬುರುಡೆಯಿಂದ ಬಿಳಿ ಗಾಳಿ ಊದಿ ರಾಜ್ಯದ ಮೇಲೆ ಬಿಟ್ಟಿದ್ದ. ಗಾಳಿ ತಾಗಿದವರ ಮುಖವೆಲ್ಲ ಸುಣ್ಣ ಬಳಿದ ಗೋಡೆಯ ಹಾಗೆ ಸಪಾಟು. ಕಣ್ಣಿತ್ತು, ಮೂಗಿತ್ತು, ಬಾಯಿತ್ತು. ಕೆನ್ನೆಯ ಕೆಳಗಿನ ನೆರಳಿರಲಿಲ್ಲ, ಕೆನ್ನೆಯ ಮೇಲಿನ ಕೆಂಪಿರಲಿಲ್ಲ. ಎಲ್ಲರೂ ಒಂದೇ ತಟ್ಟೆಯ ಮೇಲೆ ಬರೆದ ಹಾಗಿದ್ದರು. ಅತ್ತೆ ಯಾರು ಸೊಸೆ ಯಾರು ತಿಳಿಯದೆ ಮನೆಗಳಲ್ಲಿ ಜಗಳ ನಿಂತಿತ್ತು. ಬೇಟೆಗೆ ಹೋಗಿದ್ದ ರಾಜನನ್ನು ಅವನ ಕಾವಲುಗಾರರೇ ಅರಮನೆಯ ಒಳಕ್ಕೆ ಬಿಟ್ಟಿರಲಿಲ್ಲ.

ಸಣ್ಣೀರನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ಪಕ್ಕದ ಮನೆಯ ಗಂಗಕ್ಕ ಹೊರಗೆ ಬಂದಳು.

"ದೇವೀರಿ ಎಲ್ಲಿ ಗಂಗಕ್ಕ?"

"ಬೆಳಿಗ್ಗೆ ನೀನೇ ಬಂದು ಕರಕೊಂಡು ಹೋದೆಯಲ್ಲಪ್ಪ."

"ನಾನು ಈಗ ಬರ್ತಾ ಇದ್ದೀನಿ."

ಗಂಗಕ್ಕ ಹತ್ತಿರ ಬಂದು ಅವನ ಕೆನ್ನೆಯ ಕೆಂಪು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ಬಿಳಿ ಮುಖ, ಎರಡು ಕಣ್ಣು, ನಿನ್ನದೇ ದನಿ. ನಿನಗೂ ಗಾಳಿ ತಾಗಿದೆ ಅಂದುಕೊಂಡೆವು. 'ನನ್ನ ಗಂಡ ಹೇಳಿದ ದಿನಕ್ಕಿಂತ ಮೊದಲೇ ಬಂದ' ಅಂತ ಅವಳು ಕುಣಿದುಕೊಂಡು ಹೋದಳು. ಹೀಗೇ ಬಹಳ ಹೆಣ್ಣುಮಕ್ಕಳು ಹೋಗಿದ್ದಾರೆ. ಆ ಮಂತ್ರವಾದಿ ಬೆಟ್ಟದ ಮೇಲಿನ ತನ್ನ ಸುಣ್ಣದ ಕೋಟೆಯಲ್ಲಿ ಸುಣ್ಣ ಅರೆಯೋಕೆ ಕೂರಿಸಿದ್ದಾನಂತೆ."

ಸಣ್ಣೀರ ಹೆಗಲಿನ ಗಂಟು ಇಳಿಸಲೇ ಇಲ್ಲ. ಊರಿನ ಮದುಮಕ್ಕಳಿಗೆಲ್ಲ ಮುಖ ತಿದ್ದುತ್ತಿದ್ದ ರಂಗಜ್ಜಿಯ ಮನೆಗೆ ಓಡಿದ. ಅಜ್ಜಿಯ ಮುಖವೂ ಸಪಾಟು. ಕೈ ಮಾತ್ರ ನಡುಗುತ್ತಿತ್ತು.

"ನನ್ನ ಕೈಲಿ ಇನ್ನು ಆಗಲ್ಲ ಮಗ," ಅಂದು ಅಜ್ಜಿ ಒಂದು ಮರದ ಭರಣಿ ಕೊಟ್ಟಳು. ಭರಣಿಯಲ್ಲಿ ಎರಡು ಮನೆ. ಒಂದರಲ್ಲಿ ಹುರಿದ ರಾಗಿಯ ಕಂದು ಪುಡಿ, ಇನ್ನೊಂದರಲ್ಲಿ ಕೆಮ್ಮಣ್ಣಿನ ನಯವಾದ ಪುಡಿ. ಜೊತೆಗೆ ಅಳಿಲಿನ ಬಾಲದ ಕುಂಚ. "ಕಂದು ಒಳಕ್ಕೆ ತಳ್ಳುತ್ತೆ, ಕೆಂಪು ಹೊರಕ್ಕೆ ಕರೆಯುತ್ತೆ. ಸರಿಯಾದ ಜಾಗದಲ್ಲಿ ಬಿದ್ದ ಬಣ್ಣ ಚರ್ಮವೇ ಆಗಿಬಿಡುತ್ತೆ, ಮುಖ ವಾಪಸ್ಸು ಬರುತ್ತೆ. ತಪ್ಪು ಜಾಗದಲ್ಲಿ ಬಿದ್ದದ್ದು ಧೂಳಾಗಿ ಉದುರುತ್ತೆ. ಇನ್ನು ಎಷ್ಟು ಹಚ್ಚಬೇಕು ಅಂದರೆ..."

ಅಜ್ಜಿ ತಲೆಯೆತ್ತಿ ನೋಡುವಾಗ ಸಣ್ಣೀರ ಬೀದಿಯ ತುದಿಯಲ್ಲಿದ್ದ. "ಮಿಕ್ಕಿದ್ದು ದಾರೀಲಿ ಕಲಿತೀನಿ ಅಜ್ಜಿ," ಅಂತ ಅಲ್ಲಿಂದಲೇ ಕೂಗಿದ.

ಬೆಟ್ಟದ ಬುಡದಲ್ಲಿ ಮೊದಲನೆಯ ಬಾಗಿಲು. ಬಾಗಿಲಿಗೆ ಅಡ್ಡವಾಗಿ ಆನೆಯ ಗಾತ್ರದ ಒಂದು ಕೋಣ. ಅದರ ಮುಖವೂ ಸುಣ್ಣದ ಗೋಡೆ.

"ಮಂತ್ರವಾದಿ ನನ್ನ ಮುಖ ಕಿತ್ತುಕೊಂಡು ಇಲ್ಲಿ ನಿಲ್ಲಿಸಿದ," ಅಂದಿತು ಕೋಣ. "ಮುಖ ಕೊಡು, ದಾರಿ ಬಿಡ್ತೀನಿ. ಕೊಡದಿದ್ದರೆ ಕೊಂಬಿದೆ."

ಸಣ್ಣೀರ ಕುಂಚವನ್ನು ಕಂದು ಪುಡಿಯಲ್ಲಿ ಮುಳುಗಿಸಿ ಎತ್ತಿ, ಕೋಣನ ಎರಡು ಕೆನ್ನೆಗೂ ನೇಗಿಲ ಸಾಲಿನಂತೆ ಗೆರೆ ಎಳೆದ. ಕೋಣ ಪಕ್ಕದ ಕೊಳದ ನೀರಿನಲ್ಲಿ ನೋಡಿಕೊಂಡಿತು.

"ಇದೇನಯ್ಯ, ಉರಿಯೋ ಒಲೆಗೆ ತಲೆ ಕೊಟ್ಟು ತೆಗೆದ ಹಾಗಿದೆ." ಕೋಣ ತಲೆ ಒದರಿತು. ಪುಡಿಯೆಲ್ಲ ಉದುರಿತು.

"ಇದೇ ಮೊದಲ ಸಲ," ಅಂದ ಸಣ್ಣೀರ.

"ಕಾಣುತ್ತೆ, ಹೇಳಬೇಕಾಗಿಲ್ಲ." ಕೋಣ ಉಸಿರುಬಿಟ್ಟು ಮಂಡಿಯೂರಿ ಕೂತಿತು. "ಮಳೆಮೋಡ ನೋಡಿದ್ದೀಯಾ? ಅದು ಎಲ್ಲಿ ಶುರುವಾಯ್ತು ಅಂತ ಗೆರೆ ಹಾಕಿ ತೋರಿಸು ನೋಡೋಣ. ನೆರಳಿಗೆ ಅಂಚಿರಲ್ಲ. ಕುಂಚ ಝಾಡಿಸು. ಚೂರೇ ಚೂರು ಹಚ್ಚು. ಸಾಲದಿದ್ದರೆ ಇನ್ನೊಂದು ಚೂರು. ಹಾಕೋದು ಸುಲಭ, ತೆಗೆಯೋದು ಕಷ್ಟ."

ಸಣ್ಣೀರ ಕುಂಚ ಝಾಡಿಸಿದ. ಅಗಲ ಮುಖದ ಎರಡು ಬದಿಗೆ ಚೂರು ಕಂದು ಇಟ್ಟು, ಅಂಚು ಕಾಣದಂತೆ ಬೆರಳಿನಲ್ಲಿ ತೀಡಿದ. ಕಂದು ಚರ್ಮಕ್ಕೆ ಇಳಿಯಿತು. ಸುಣ್ಣ ಕರಗಿತು. ಗಂಭೀರವಾದ, ಸ್ವಲ್ಪ ಬೇಜಾರಿನ, ನಿಜವಾದ ಕೋಣನ ಮುಖ ಎದ್ದು ಬಂತು.

ಸಣ್ಣೀರ ಕೈ ಮುಗಿದ. "ಮುಖ ಕೊಟ್ಟು ಕಲಿಸಿದೆ. ಈ ಉಪಕಾರ ಮರೆಯಲ್ಲ."

"ಮರೆತರೆ ಕೊಂಬಿದೆ," ಅಂದು ಕೋಣ ದಾರಿ ಬಿಟ್ಟಿತು.

ಬೆಟ್ಟದ ನಡುವೆ ಎರಡನೆಯ ಬಾಗಿಲು. ಬಾಗಿಲಿಗೆ ಅಡ್ಡವಾಗಿ ಒಂದು ಕುದುರೆ, ರೆಕ್ಕೆಯಿದ್ದದ್ದು. ಅದರ ಮುಖವೂ ಸುಣ್ಣದ ಗೋಡೆ.

"ಮುಖ ಕೊಡು, ದಾರಿ ಬಿಡ್ತೀನಿ. ಕೊಡದಿದ್ದರೆ ಗೊರಸಿದೆ."

ಸಣ್ಣೀರನಿಗೆ ಈಗ ಧೈರ್ಯ ಬಂದಿತ್ತು. ಕುಂಚ ಝಾಡಿಸಿದ. ಚೂರೇ ಚೂರು ತೆಗೆದ. ಎರಡು ಬದಿಗೂ ಹಚ್ಚಿ ಅಂಚು ತೀಡಿದ. ಕೋಣನಿಗೆ ಮಾಡಿದಂತೆಯೇ ಮಾಡಿದ. ಕುದುರೆ ನೀರಿನಲ್ಲಿ ನೋಡಿಕೊಂಡಿತು.

"ಒನಕೆಗೆ ಕಿವಿ ಬಂದ ಹಾಗಿದ್ದೀನಿ," ಅಂದಿತು. ಸೀನಿತು. ಪುಡಿಯೆಲ್ಲ ಉದುರಿತು.

"ಕೋಣನಿಗೆ ಇದೇ ಚೆನ್ನಾಗಿ ಒಪ್ಪಿತ್ತು."

"ನಾನು ಕೋಣನಾ?"

"ಅಲ್ಲ."

"ಮತ್ತೆ? ಅಗಲ ಮುಖದ ಬದಿಗೆ ನೆರಳು ಹಾಕಿದರೆ ತೆಳುವಾಗುತ್ತೆ. ಉದ್ದ ಮುಖದ ಬದಿಗೆ ಹಾಕಿದರೆ ಇನ್ನೂ ಉದ್ದವಾಗುತ್ತೆ. ನನಗೆ ಹಣೆಯ ಮೇಲ್ತುದಿಗೆ ಒಂದಿಷ್ಟು, ಗದ್ದದ ಕೆಳಗೆ ಒಂದಿಷ್ಟು. ಕೆಂಪು ಅಡ್ಡಡ್ಡ. ಕುಂಚ ಎತ್ತೋ ಮೊದಲು ಮುಖ ನೋಡೋದನ್ನ ಕಲಿ. ನೀನು ಯಾರನ್ನೂ ನಿಂತು ನೋಡಿದವನಲ್ಲ, ನಿನ್ನ ಕಾಲು ನೋಡಿದರೇ ಗೊತ್ತಾಗುತ್ತೆ."

ಸಣ್ಣೀರ ಬಂಡೆಯ ಮೇಲೆ ಕೂತ. ಕುದುರೆಯ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದ, ಗದ್ದದಿಂದ ಹಣೆಯವರೆಗೆ ನೋಡಿದ. ಅಷ್ಟು ಹೊತ್ತು ಅವನು ಯಾವತ್ತೂ ಒಂದೇ ಕಡೆ ಕೂತಿರಲಿಲ್ಲ. ಆಮೇಲೆ ಹಣೆಗೆ ಹಚ್ಚಿದ, ಗದ್ದಕ್ಕೆ ಹಚ್ಚಿದ, ಕೆಂಪು ಅಡ್ಡಡ್ಡ ತೀಡಿದ. ಸುಣ್ಣ ಕರಗಿ ಚೆಂದದ ಕುದುರೆಯ ಮುಖ ಬಂತು.

"ಮುಖ ಕೊಟ್ಟು ಕಲಿಸಿದೆ. ಈ ಉಪಕಾರ ಮರೆಯಲ್ಲ," ಅಂತ ಸಣ್ಣೀರ ಕೈ ಮುಗಿದ. ಕುದುರೆ ರೆಕ್ಕೆ ಮಡಚಿ ದಾರಿ ಬಿಟ್ಟಿತು.

ಬೆಟ್ಟದ ತುದಿಯಲ್ಲಿ ಮೂರನೆಯ ಬಾಗಿಲು. ಅದೊಂದು ಗವಿ. ಗವಿಯೊಳಗೆ ಪಂಜಿನ ಬೆಳಕಿನಲ್ಲಿ ಒಬ್ಬ ಮುದಿ ರಾಕ್ಷಸಿ ಕೂತಿದ್ದಳು. ಅವಳ ಮುಖವೂ ಸುಣ್ಣದ ಗೋಡೆ.

"ಮುಖ ಕೊಡು, ದಾರಿ ಬಿಡ್ತೀನಿ. ಕೊಡದಿದ್ದರೆ ಹಲ್ಲಿದೆ."

ಸಣ್ಣೀರ ಚೂರು ಕಂದು ಹಚ್ಚಿದ, ಚೂರು ಕೆಂಪು ಹಚ್ಚಿದ. ಪಂಜಿನ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಇನ್ನೊಂದು ಚೂರು ಹಚ್ಚಿದ. ಮತ್ತೊಂದು ಚೂರು ಹಚ್ಚಿದ. ಕೊನೆಗೆ "ಆಹಾ" ಅನಿಸಿದಾಗ ನಿಲ್ಲಿಸಿದ. ರಾಕ್ಷಸಿ ಗವಿಯ ಹೊರಗೆ ಬಿಸಿಲಿಗೆ ಬಂದು ನೀರಿನಲ್ಲಿ ಬಗ್ಗಿ ನೋಡಿದಳು.

"ಯಾರೋ ನನಗೆ ಕಪಾಳಕ್ಕೆ ಎರಡೂ ಕಡೆ ಬಿಟ್ಟಿದ್ದಾರೆ," ಅಂದಳು. ಬಣ್ಣ ಧೂಳಾಗಿ ಅವಳ ಮಡಿಲಿಗೆ ಬಿತ್ತು.

"ಒಳಗೆ ಚೆನ್ನಾಗಿತ್ತಲ್ಲ ಅಜ್ಜಿ."

"ಬೆಂಕಿಯ ಕೆಂಪು ನಿನ್ನ ಕಣ್ಣಿಗೆ ಸುಳ್ಳು ಹೇಳ್ತು. ನಾನು ಓಡಾಡೋದು ಬಿಸಿಲಲ್ಲಿ. ಬಿಸಿಲಲ್ಲೇ ಹಚ್ಚು. ಇನ್ನೊಂದು ಮಾತು. ನನ್ನ ಕೆನ್ನೆ ಎಂದೋ ಒಳಕ್ಕೆ ಹೋಗಿದೆ. ವಯಸ್ಸೇ ನೆರಳು ಹಾಕಿರೋವಾಗ ಅದರ ಮೇಲೆ ನಿನ್ನ ನೆರಳು ಯಾಕೆ? ನನಗೆ ಬರೀ ಕೆಂಪು ಸಾಕು."

"ಎಲ್ಲಿ ಹಚ್ಚಲಿ? ಎಲ್ಲಾ ಸಪಾಟಾಗಿದೆ."

"ನಗಿಸು. ನಗುವಾಗ ಕೆನ್ನೆ ಏಳುತ್ತೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತೆ."

ಸಣ್ಣೀರ ತಲೆ ಕೆರೆದುಕೊಂಡ. "ಅಜ್ಜಿ, ನನ್ನನ್ನು ತಿನ್ನೋದಾದರೆ ಕಾಲು ಮೊದಲು ತಿನ್ನು. ಇಲ್ಲದಿದ್ದರೆ ಅರ್ಧ ಊಟದಲ್ಲಿ ಎದ್ದು ಓಡಿಹೋಗುತ್ತೆ."

ರಾಕ್ಷಸಿ ನಕ್ಕಳು. ಬೆಟ್ಟದ ಕಲ್ಲು ನಾಲ್ಕು ಉರುಳಿದವು. ಬೆರಳಿನ ಕೆಳಗೆ ಕೆನ್ನೆ ಎದ್ದಿತು. ಎದ್ದ ಜಾಗದ ತುಸು ಮೇಲೆ, ಕಿವಿಯ ಕಡೆಗೆ, ಸಣ್ಣೀರ ಚಿಟಿಕೆ ಕೆಂಪು ಇಟ್ಟು ತೀಡಿದ. ಸುಣ್ಣ ಕರಗಿತು. ಇಷ್ಟಗಲ ಮುಖದಲ್ಲಿ ಒಂದು ಕಾಲದ ಸೊಗಸೆಲ್ಲ ಸುಕ್ಕಿನ ನಡುವಿನಿಂದ ಇಣುಕಿತು. ರಾಕ್ಷಸಿ ಬಹಳ ಹೊತ್ತು ನೀರು ನೋಡುತ್ತ ಕೂತಳು.

"ಮುಖ ಕೊಟ್ಟು ಕಲಿಸಿದೆ. ಈ ಉಪಕಾರ ಮರೆಯಲ್ಲ," ಅಂದ ಸಣ್ಣೀರ. ಈ ಸಲ ಅವಳ ಕಾಲು ಮುಟ್ಟಿದ.

ಗವಿಯ ಆಚೆಗೆ ಸುಣ್ಣದ ಕೋಟೆ. ಅಂಗಳದ ತುಂಬ ಹೆಣ್ಣುಮಕ್ಕಳು. ಎಲ್ಲರ ಮೇಲೂ ಒಂದೇ ಥರದ ಬಿಳಿ ಗೋಣಿಬಟ್ಟೆ, ಎಲ್ಲರದೂ ಒಂದೇ ಮುಖ. ಕೆಲವರು ಸುಣ್ಣ ಅರೆಯುತ್ತಿದ್ದರು, ಕೆಲವರು ನೀರು ಹೊತ್ತು ತರುತ್ತಿದ್ದರು. ನಾಲಿಗೆಗೆ ಮಂತ್ರದ ಸುಣ್ಣ ಸವರಿದ್ದರಿಂದ ಯಾರಿಗೂ ಮಾತಿರಲಿಲ್ಲ.

ಸುಣ್ಣಕೇತು ಮೆಟ್ಟಿಲ ಮೇಲೆ ನಿಂತು ಸಣ್ಣೀರನನ್ನೂ ಭರಣಿಯನ್ನೂ ನೋಡಿದ. "ಹೆಂಡತಿ ಬೇಕಾ? ಇದರಲ್ಲೇ ಇದ್ದಾಳೆ. ಅಂಗಳದಿಂದ ಬಿಸಿಲು ಹೋಗುವಷ್ಟರಲ್ಲಿ ತೋರಿಸು. ತೋರಿಸಿದರೆ ಎಲ್ಲರನ್ನೂ ಕರಕೊಂಡು ಹೋಗು. ತಪ್ಪಿದರೆ ನೀನು ನನ್ನ ಕೋಟೆಗೆ ಒಂದು ಗೋಡೆ. ಕೈಸನ್ನೆ ಮಾಡಿದ ಹೆಣ್ಣು ಅಲ್ಲೇ ಸುಣ್ಣವಾಗ್ತಾಳೆ."

"ಬಣ್ಣ ಹಚ್ಚಬಹುದಾ?"

"ಹಚ್ಚು ಹಚ್ಚು. ಈಗತಾನೇ ಕುಂಚ ಹಿಡಿದವನು ಏನು ಕಿಸೀತೀಯ ನೋಡೋಣ." ಸುಣ್ಣಕೇತು ನಗುತ್ತ ಒಳಗೆ ಹೋದ.

ಯಾರು ದೇವೀರಿ ಅಂತ ಸಣ್ಣೀರನಿಗೆ ತಿಳಿಯಲಿಲ್ಲ. ಹಾಗಾದರೆ ಎಲ್ಲರಿಗೂ ಹಚ್ಚಬೇಕು, ಬೇರೆ ದಾರಿಯಿಲ್ಲ. ಬಿಸಿಲಿರುವ ಕಡೆ ಕೂತ. ಮೊದಲನೆಯವಳು ಮುಂದೆ ಬಂದಳು. ನೋಡಿದ, ನಗಿಸಿದ, ಬೆರಳಿಟ್ಟ, ಕುಂಚ ಝಾಡಿಸಿ ಹಚ್ಚಿದ. ಸುಣ್ಣ ಕರಗಿತು. ದೇವೀರಿ ಅಲ್ಲ. "ನಾನು ಕುಂಬಾರರ ಸಿದ್ದಿ," ಅಂತ ಅವಳು ಗಳಗಳ ಅತ್ತಳು, ನಾಲಿಗೆಯ ಸುಣ್ಣವೂ ಕರಗಿತ್ತು. ಎರಡನೆಯವಳು ಬಂದಳು. ದುಂಡು ಮುಖ, ಬದಿಗೆ ನೆರಳು. ದೇವೀರಿ ಅಲ್ಲ. ಮೂರನೆಯವಳು ಬಂದಳು. ಉದ್ದ ಮುಖ, ಹಣೆಗೆ ನೆರಳು. ದೇವೀರಿ ಅಲ್ಲ. ಒಬ್ಬೊಬ್ಬರಿಗೂ ಅವನು ಕೈ ಮುಗಿದ. ಒಬ್ಬೊಬ್ಬರ ಮುಖದಲ್ಲೂ ಅವನ ಕೈ ಹಗುರವಾಯಿತು. ಯಾರೋ ಒಬ್ಬಳು ಮಾತ್ರ ತನ್ನ ಸರದಿ ಬಂದಾಗಲೆಲ್ಲ ಹಿಂದೆ ಸರಿದು ಇನ್ನೊಬ್ಬಳನ್ನು ಮುಂದಕ್ಕೆ ಬಿಡುತ್ತಿದ್ದಳು.

ಬಿಸಿಲು ಅಂಗಳ ದಾಟಿ ಕೊನೆಯ ಮೆಟ್ಟಿಲಿಗೆ ಹೋಯಿತು. ಭರಣಿಯಲ್ಲಿ ಉಳಿದದ್ದು ಒಂದೇ ಚಿಟಿಕೆ ಕೆಂಪು. ಎದುರಿಗೆ ಉಳಿದವರು ಇಬ್ಬರು.

ಒಬ್ಬಳು ತಾನಾಗಿಯೇ ಮುಂದೆ ಬಂದು ಕೂತಳು. ಸಣ್ಣೀರ ಒಂದು ತಮಾಷೆ ಹೇಳಿದ. ಅವಳ ಬಾಯಿ ಅಗಲವಾಯಿತು. ಸಣ್ಣೀರ ಕುಂಚ ಎತ್ತಿದ. ಅಷ್ಟರಲ್ಲಿ ಬೆರಳು ಬೇಡ ಅಂದಿತು. ಬಾಯಿ ನಗುತ್ತಿತ್ತು, ಕೆನ್ನೆ ಎದ್ದಿರಲಿಲ್ಲ. ಬೆರಳಿಗೆ ಒರಟು ಪುಡಿ ಹತ್ತಿತ್ತು, ಚುರುಚುರು ಉರಿಯುತ್ತಿತ್ತು. ಚರ್ಮ ಹಾಗಿರುವುದಿಲ್ಲ. ಅವನು ಮಾತಾಡದೆ ಕುಂಚ ಇಳಿಸಿ ಇನ್ನೊಬ್ಬಳ ಕಡೆ ತಿರುಗಿದ.

"ತಾಯಿ, ನನ್ನ ತಮಾಷೆ ಎಲ್ಲಾ ಮುಗೀತು," ಅಂದ. "ಬಣ್ಣಾನೂ ಮುಗೀತು. ಇರೋದು ಈ ಮುಖ ಒಂದೇ."

ಬೆವರು ಒರೆಸಿ ಒರೆಸಿ ಅವನ ಮುಖವೆಲ್ಲ ಕಂದು ಕೆಂಪು ಕಲಸಿಹೋಗಿತ್ತು. ಮೂಗಿನ ತುದಿ ಕೆಂಪು, ಒಂದು ಕಿವಿ ಕಂದು. ಎದುರಿಗಿದ್ದವಳ ಭುಜ ಕುಲುಕಿತು. ನಗು ಬಂತು. ಬೆರಳಿನ ಕೆಳಗೆ ಕೆನ್ನೆ ಮೆತ್ತಗೆ ಎದ್ದು ನಿಂತಿತು. ಸಣ್ಣೀರ ಕೊನೆಯ ಚಿಟಿಕೆಯನ್ನು ಅಲ್ಲಿಟ್ಟ.

ಸುಣ್ಣ ಕರಗಿತು.

"ಬಲಗಡೆ ಜಾಸ್ತಿಯಾಯ್ತು," ಅಂದಳು ದೇವೀರಿ. "ಅಂಚು ತೀಡು."

ಸಣ್ಣೀರ ಅಂಚು ತೀಡಿದ. "ಇವಳೇ," ಅಂದ. "ಇವಳೇ ನನ್ನ ದೇವೀರಿ. ಅಷ್ಟು ಹೊತ್ತು ಯಾಕೆ ಹಿಂದೆ ಸರೀತಿದ್ದೆಯೇ?"

"ಅವರೆಲ್ಲ ನನಗಿಂತ ಮೊದಲೇ ಬಂದು ಅರೆದವರು. ಆಮೇಲೆ ನಿನ್ನ ಕೈ ನನಗೆ ಗೊತ್ತಿಲ್ವಾ? ನಾಲ್ಕು ಮುಖ ಕೆಡಿಸಿ ಪಳಗಲಿ ಅಂತ ಕಾದೆ."

ಪಕ್ಕದಲ್ಲಿ ಕೂತಿದ್ದವಳು ಗೋಣಿಬಟ್ಟೆ ಕಿತ್ತೆಸೆದು ಎದ್ದಳು. ಅವಳಲ್ಲ, ಅವನು. ಕೊನೆಯ ಚಿಟಿಕೆ ಹಾಳು ಮಾಡಿಸಲು ಸುಣ್ಣಕೇತುವೇ ಹೆಣ್ಣುಮಕ್ಕಳ ನಡುವೆ ಬಂದು ಕೂತಿದ್ದ. ಸೋರೆಬುರುಡೆ ಬಾಯಿಗಿಟ್ಟು ಊದಲು ಉಸಿರೆಳೆದ. ಅವನ ಮೈಯೆಲ್ಲ ಸುಟ್ಟ ಸುಣ್ಣದ ಗಟ್ಟಿ ಅಂತ ಹಗಲೆಲ್ಲ ಸುಣ್ಣ ಅರೆದವರಿಗೆ ನೋಡಿದ ಕೂಡಲೇ ತಿಳಿಯಿತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಿದ್ದಿ ಮೊದಲ ಕೊಡ ಎತ್ತಿದಳು. ದೇವೀರಿ ಎರಡನೆಯದು ಎತ್ತಿದಳು. ಆಮೇಲೆ ಎಲ್ಲರೂ ಎತ್ತಿದರು. ಮಂತ್ರವಾದಿ ಚುಂಯ್ ಅಂದ, ಕೊತಕೊತ ಕುದ್ದ, ಹೊಗೆಯಾಡಿದ, ಮೆತ್ತಗೆ ಗುಂಡಿಯ ಸುಣ್ಣವಾಗಿ ಕೂತ. ಕೋಟೆಯ ಗೋಡೆಗಳೂ ಹಾಗೇ ಕುಸಿದವು.

ರಾಕ್ಷಸಿ ತನ್ನ ಗವಿಯ ಕೆಮ್ಮಣ್ಣನ್ನು ಬುಟ್ಟಿ ಬುಟ್ಟಿ ತುಂಬಿಕೊಟ್ಟಳು. ಕೋಣ ಹೊತ್ತುಕೊಂಡಿತು, ಕುದುರೆ ಕಾಲು ಸೋತವರನ್ನು ಹೊತ್ತುಕೊಂಡಿತು. ಹೆಣ್ಣುಮಕ್ಕಳು ಊರಿಗೆ ಬಂದು ಸಣ್ಣೀರನ ಕೈಯಲ್ಲಿ ನೋಡಿ ಕಲಿತದ್ದನ್ನು ತಮ್ಮ ತಮ್ಮ ಮನೆಯವರ ಮುಖದ ಮೇಲೆ ಮಾಡಿದರು. ಎಲ್ಲರೂ ಹೊಸಬರು. ಪೂರ್ತಿ ತಪ್ಪಿದ್ದು ಉದುರಿತು, ಚೂರು ತಪ್ಪಿದ್ದು ಹಾಗೇ ನಿಂತಿತು, ಹೊನ್ನಕೇರಿಯಲ್ಲಿ ಕೆಲವು ದಿನ ಒಂದು ಕೆನ್ನೆ ಮೇಲೆ, ಒಂದು ಕೆನ್ನೆ ಕೆಳಗೆ. ರಾಜನಿಗೆ ರಾಣಿ ಹಚ್ಚಿದ ಕೆಂಪು ಕಿವಿಯವರೆಗೂ ಹೋಗಿತ್ತು. ಯಾರೂ ತಕರಾರು ಹೇಳಲಿಲ್ಲ. ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ಗುರುತು ಹಿಡಿದು ತಬ್ಬಿಕೊಂಡು, ಸಂಜೆಯ ಹೊತ್ತಿಗೆ ಜಗಳವನ್ನೂ ಶುರು ಮಾಡಿದರು. ರಂಗಜ್ಜಿಯ ಮುಖಕ್ಕೆ ಮಾತ್ರ ಸಣ್ಣೀರನೇ ಹಚ್ಚಿದ, ಬಿಸಿಲಲ್ಲಿ ಕೂರಿಸಿ, ಬರೀ ಕೆಂಪು.

ಅಂದಿನಿಂದ ಆ ರಾಜ್ಯದಲ್ಲಿ ಒಂದು ಪದ್ಧತಿ ಬಂತು. ಮದುಮಗಳ ಮುಖ ತಿದ್ದುವವರು ಕುಂಚ ಎತ್ತುವ ಮೊದಲು, ತಾವು ಕಲಿಯುವಾಗ ಮುಖ ಕೊಟ್ಟವರನ್ನು ಕರೆಸಿ ವೀಳ್ಯ ಕೊಡುತ್ತಾರೆ. ಸಣ್ಣೀರನ ಕಡೆಯಿಂದ ಮೊದಲ ವೀಳ್ಯ ಕೋಣನಿಗೆ. ಅದು ಗಂಭೀರವಾಗಿ ಅಗಿಯುತ್ತದೆ.

ಸಣ್ಣೀರನ ಕಾಲಿನ ಚಕ್ರ ಪೂರ್ತಿ ಬಿಚ್ಚಲಿಲ್ಲ. ಉಪ್ಪಿನ ಗಾಡಿಗಳ ಹಿಂದೆ ಆಗಾಗ ಹೋಗುತ್ತಿದ್ದ, ದೇವೀರಿಯೂ ಒಮ್ಮೊಮ್ಮೆ ಜೊತೆಗೆ ಹೋಗುತ್ತಿದ್ದಳು. ಊರಿನಲ್ಲಿದ್ದ ದಿನ ಮಾತ್ರ ಅವನು ಜಗಲಿಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಅಲುಗಾಡದೆ ಕೂರುತ್ತಿದ್ದ. ಹೊಸದಾಗಿ ಕುಂಚ ಹಿಡಿದವರೆಲ್ಲ ಬಂದು ಅವನ ಕೆನ್ನೆಯ ಮೇಲೆ ಕಲಿಯುತ್ತಿದ್ದರು. ಗಡ್ಡದ ಮೇಲೂ ಹಚ್ಚುತ್ತಿದ್ದರು. "ಕೆಡ್ತಾ ಮಾವ?" ಅಂದರೆ, "ಕೆಡಲಿ ಬಿಡಮ್ಮ, ಇನ್ನೊಂದು ಕೆನ್ನೆ ಇದೆ," ಅನ್ನುತ್ತಿದ್ದ.

ಅವರ ಕೆನ್ನೆ ಕೆಂಪು ಅವರಿಗೆ ಉಳಿಯಿತು. ಕೇಳಿದ ನಿಮ್ಮ ಕೆನ್ನೆ ಒಂದಿಷ್ಟು ಎದ್ದಿದ್ದರೆ, ಬೆರಳಿಟ್ಟು ನೋಡಿಕೊಳ್ಳಿ, ಅದು ನಿಮಗಿರಲಿ.